ಮಲ್ಲಿಗೆಗೆ ಕತ್ತರಿ ಹಾಕುವ ಕಾಲ

ಚಾಳಿನ ಗ್ಯಾಲರಿಯಲ್ಲಿಯೋ ತಾರಸಿಯ ಮೇಲೆಯೋ ಒಂದು ಕುಂಡದಲ್ಲಿ ಊರಿನಿಂದ ತಂದ ದುಂಡುಮಲ್ಲಿಗೆ ಇರುವುದು ನಮ್ಮವರ ಅನೇಕ ಮನೆಗಳಲ್ಲಿ ಕಾಣುವ ಸಂಗತಿ. "ಗಿಡವೇನೋ ಸೊಂಪಾಗಿದೆ, ಹೂವು ಮಾತ್ರ ಇಲ್ಲ" ಎಂಬ ದೂರೂ ಅಷ್ಟೇ ಸಾಮಾನ್ಯ. ಗೊಬ್ಬರ ಬದಲಿಸುತ್ತಾರೆ, ಕುಂಡ ಬದಲಿಸುತ್ತಾರೆ, ಕೊನೆಗೆ ಬೇಸತ್ತು ಗಿಡವನ್ನೇ ಕಿತ್ತೆಸೆಯುತ್ತಾರೆ. ಕತ್ತರಿ ಹಾಕಲು ಮಾತ್ರ ಯಾರಿಗೂ ಮನಸ್ಸು ಬಾರದು.

ಮಲ್ಲಿಗೆಯು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿ ಎಷ್ಟು ಉದ್ದ ಬೆಳೆದರೂ ಹೊಸ ಚಿಗುರು ಒಡೆಯದಿದ್ದರೆ ಮೊಗ್ಗಿಲ್ಲ. ಕೊಂಬೆಯ ತುದಿಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವು ಕೆಳಕ್ಕಿಳಿದು, ಗಿಣ್ಣುಗಳಲ್ಲಿ ಮಲಗಿರುವ ಚಿಗುರುಗಳನ್ನು ತಡೆಹಿಡಿಯುತ್ತದೆ. ತುದಿಯನ್ನು ಕತ್ತರಿಸಿದೊಡನೆ ಆ ತಡೆ ಸಡಿಲುತ್ತದೆ. ಒಂದು ಕೊಂಬೆಯಿದ್ದಲ್ಲಿ ಎರಡು ಮೂರು ಚಿಗುರುಗಳು ಏಳುತ್ತವೆ.

ಕಾಲ ಮುಖ್ಯ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನವೆಂಬರ್ ಕೊನೆಯಿಂದ ಸಂಕ್ರಾಂತಿಯೊಳಗೆ ಸವರಬೇಕು. ಚೆನ್ನೈಯಲ್ಲಿ ಹಿಂಗಾರು ಮಳೆ ನಿಂತ ಮೇಲೆ. ದಿಲ್ಲಿಯಲ್ಲಿ ಚಳಿ ಹಿಂಜರಿಯುವ ಫೆಬ್ರವರಿ ತನಕ ಕಾಯತಕ್ಕದ್ದು. ಅವಸರಪಟ್ಟರೆ ಎಳೆಯ ಚಿಗುರು ಚಳಿಗೆ ಸುಟ್ಟುಹೋದೀತು.

ಕ್ರಮ ಹೀಗೆ: ಸವರುವ ಮೊದಲು ಕೆಲವು ದಿನ ನೀರನ್ನು ಕಡಿಮೆ ಮಾಡಿರಿ. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಮೊದಲು ಬುಡಸಹಿತ ತೆಗೆಯಿರಿ. ಉಳಿದವುಗಳನ್ನು ಗಿಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿರಿ. ನೆಲದಲ್ಲಿ ಬೆಳೆದ ಗಿಡವಾದರೆ ಒಂದು ಮೊಳ, ಅಂದರೆ ಸುಮಾರು 45 ಸೆಂಟಿಮೀಟರ್ ಉಳಿಸುವರು. ಕುಂಡದ ಗಿಡಕ್ಕೆ ಅರ್ಧ ಎತ್ತರ ಸಾಕು. ಬೆಲೆಯುಳ್ಳ ಉಪಕರಣವೇನೂ ಬೇಡ. ಆದರೆ ಕತ್ತರಿ ಹರಿತವಾಗಿರಬೇಕು. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಜಜ್ಜಿದಲ್ಲಿ ಕೊಳೆ ಹಿಡಿಯುತ್ತದೆ. ಬಳಿಕ ಮೇಲ್ಮಣ್ಣನ್ನು ಸಡಿಲಿಸಿ ಎರಡು ಹಿಡಿ ಕಳಿತ ಗೊಬ್ಬರ ಹಾಕಿ ನೀರೆರೆಯಿರಿ.

ಕೆಲವು ದಿನ ಗಿಡ ಬೋಳಾಗಿ ಕಂಡೀತು, ಧೈರ್ಯಗೆಡಬೇಡಿ. ಸಂಕ್ರಾಂತಿಯ ವೇಳೆಗೆ ಸವರಿದ ಗಿಡದಲ್ಲಿ ಯುಗಾದಿಯ ಹೊತ್ತಿಗೆ ಮೊಗ್ಗನ್ನು ನಿರೀಕ್ಷಿಸಬಹುದು. ದಿನಕ್ಕೆ ನಾಲ್ಕೈದು ತಾಸು ಬಿಸಿಲು ಮಾತ್ರ ಬೀಳಲೇಬೇಕು. ನೆರಳಿನ ಮೂಲೆಯಲ್ಲಿ ಯಾವ ಕತ್ತರಿಯೂ ಹೂ ಬಿಡಿಸಲಾರದು.

ಎಲ್ಲ ಗಿಡಕ್ಕೂ ಇದೇ ಕಾಲವೆಂದು ತಿಳಿಯಬಾರದು. ದಿಲ್ಲಿಯ ಗುಲಾಬಿಯನ್ನು ಅಕ್ಟೋಬರ್ ನಡುವಿನಲ್ಲಿ ಸವರುವುದು ವಾಡಿಕೆ. ಹಳೆಯ ಕಡ್ಡಿಯಲ್ಲಿ ವಸಂತಕ್ಕೆ ಹೂ ತಳೆಯುವ ಗಿಡಗಳನ್ನು ಹೂ ಮುಗಿದ ಮೇಲೆಯೇ ಮುಟ್ಟಬೇಕು.

ಕತ್ತರಿಸಿದ ಕಡ್ಡಿಗಳನ್ನು ಎಸೆಯಬೇಡಿ. ಬಲಿತ, ಮೂರು ಗಿಣ್ಣುಗಳುಳ್ಳ ಗೇಣುದ್ದದ ತುಂಡುಗಳನ್ನು ಹಸಿ ಮರಳಿನಲ್ಲಿ ನೆರಳಿಗೆ ನೆಡಿರಿ. ಎಲ್ಲವೂ ಬದುಕಲಾರವು. ಬೇರು ಬಿಟ್ಟದ್ದನ್ನು ಪಕ್ಕದ ಖೋಲಿಯವರಿಗೆ ಕೊಟ್ಟರೆ, ನಿಮ್ಮ ಊರಿನ ಮಲ್ಲಿಗೆ ಮತ್ತೊಂದು ಮನೆಯಲ್ಲಿಯೂ ಅರಳುವುದು.