ಮಸಾಲೆ ಡಬ್ಬಿಯ ಮೊಗ್ಗು ಚೀನಾದಲ್ಲಿ ಮದ್ದು



ಲವಂಗ ಅಂದರೆ ಏನು? ಕಾಯಿಯೇ, ಬೀಜವೇ, ತೊಗಟೆಯೇ? ಮುಂದಿನ ವಾರದ ಸಭೆಯಲ್ಲಿ ಕೇಳಿ ನೋಡಿ. ವರ್ಷಗಟ್ಟಲೆ ಪಲಾವಿಗೆ ಹಾಕಿದವರೂ ಒಂದು ಕ್ಷಣ ಯೋಚಿಸುತ್ತಾರೆ. ಅದು ಹೂವಿನ ಮೊಗ್ಗು. ಅರಳುವ ಮೊದಲೇ ಕಿತ್ತು ಬಿಸಿಲಿಗೆ ಒಣಗಿಸಿದ ಮೊಗ್ಗು. ತಲೆಯ ಮೇಲೆ ಪುಟ್ಟ ಗುಂಡು ಇದೆಯಲ್ಲ, ಅದು ಇನ್ನೂ ಬಿಚ್ಚದ ಎಸಳುಗಳು. ನೀರಿನಲ್ಲಿ ನೆನೆಸಿ ಉಗುರಿನಿಂದ ಬಿಡಿಸಿದರೆ ಒಳಗೆ ಕೇಸರಗಳೂ ಕಾಣುತ್ತವೆ.

ಈ ಮೊಗ್ಗನ್ನು ನಾವು ಮಸಾಲೆಗೆ ಹಾಕುತ್ತೇವೆ, ಹಲ್ಲು ನೋವಾದಾಗ ಕಚ್ಚಿ ಹಿಡಿಯುತ್ತೇವೆ. ಚೀನಾ ದೇಶದಲ್ಲಿ ಇದು ಮೊದಲಿನಿಂದಲೂ ಮದ್ದಿನ ಅಂಗಡಿಯ ಸಾಮಾನು. ಅಲ್ಲಿನ ಪಾರಂಪರಿಕ ವೈದ್ಯರು ಇದನ್ನು ಇಂಥವರಿಗೆ ಕೊಡಬೇಕು, ಇಂಥವರಿಗೆ ಬೇಡ, ಇಷ್ಟೇ ಗ್ರಾಂ ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಆ ಲೆಕ್ಕ ನಮಗೂ ತಿಳಿದಿರಬೇಕು. ಯಾಕೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲವಂಗದ ಎಣ್ಣೆಯ ಸಣ್ಣ ಬಾಟಲಿ ಮಕ್ಕಳ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ.

ಕೋಳಿ ನಾಲಿಗೆ, ಮೊಳೆ

ಚೀನೀ ಭಾಷೆಯಲ್ಲಿ ಲವಂಗಕ್ಕೆ 'ದಿಂಗ್ ಶಿಯಾಂಗ್' ಅನ್ನುತ್ತಾರೆ. ದಿಂಗ್ ಅಂದರೆ ಮೊಳೆ, ಶಿಯಾಂಗ್ ಅಂದರೆ ಪರಿಮಳ. ಆಕಾರ ನೋಡಿದರೆ ಹೆಸರು ಸರಿಯಾಗಿಯೇ ಇದೆ. ಅದಕ್ಕಿಂತ ಹಳೆಯ ಹೆಸರು 'ಕೋಳಿ ನಾಲಿಗೆಯ ಪರಿಮಳ'. ಹಾನ್ ಅರಸರ ಕಾಲದಲ್ಲಿ, ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ, ಚಕ್ರವರ್ತಿಯ ಮುಂದೆ ನಿಂತು ವರದಿ ಒಪ್ಪಿಸುವ ಅಧಿಕಾರಿಗಳು ಬಾಯಲ್ಲಿ ಇದನ್ನು ಇಟ್ಟುಕೊಂಡೇ ಮಾತಾಡಬೇಕಿತ್ತು. ಬಾಯಿ ವಾಸನೆ ಸಿಂಹಾಸನದವರೆಗೆ ಹೋಗಬಾರದು ಅಂತ.

ಆ ಕಾಲದ್ದೇ ಒಂದು ಕಥೆ ಇದೆ. ಹುವಾನ್ ಎಂಬ ಚಕ್ರವರ್ತಿ (ಆಳಿದ್ದು ಕ್ರಿ.ಶ. 146ರಿಂದ 168) ಬಾಯಿ ವಾಸನೆ ಇದ್ದ ಒಬ್ಬ ಮುದಿ ಅಧಿಕಾರಿಗೆ ಲವಂಗ ಕೊಟ್ಟು ಬಾಯಲ್ಲಿಟ್ಟುಕೋ ಅಂದನಂತೆ. ಅಧಿಕಾರಿ ಅದನ್ನು ಅದುವರೆಗೆ ಕಂಡವನಲ್ಲ. ನಾಲಿಗೆಗೆ ತಾಗಿದ ಕೂಡಲೇ ಚುರ್ ಎಂದಿತು. ಏನೋ ತಪ್ಪು ಮಾಡಿದ್ದೇನೆ, ಅದಕ್ಕೇ ಅರಸ ವಿಷ ಕೊಟ್ಟಿದ್ದಾನೆ ಅಂದುಕೊಂಡು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆಲ್ಲ ಕೊನೆಯ ಮಾತು ಹೇಳತೊಡಗಿದ. ಮನೆಯವರೆಲ್ಲ ಅಳುತ್ತಿರುವಾಗ ಜೊತೆಯ ಅಧಿಕಾರಿಗಳು ಬಂದು, ಬಾಯಿಂದ ತೆಗೆಸಿ ನೋಡಿ, ಇದು ಪರಿಮಳದ ವಸ್ತು ಮಾರಾಯ ಅಂತ ನಕ್ಕರಂತೆ.

ಅವನಿಗೆ ಅದು ಗೊತ್ತಿಲ್ಲದ್ದು ಆಶ್ಚರ್ಯವಲ್ಲ. ಲವಂಗ ಚೀನಾದ ಗಿಡವೇ ಅಲ್ಲ. ಇಂಡೋನೇಷ್ಯಾದ ಪೂರ್ವ ಭಾಗದಲ್ಲಿ ಮಲುಕು ಎಂಬ ದ್ವೀಪಗಳಿವೆ. ಅಲ್ಲಿನ ಟೆರ್ನಾಟೆ, ಟಿಡೋರೆ ಮುಂತಾದ ಕೆಲವೇ ಸಣ್ಣ ದ್ವೀಪಗಳು ಅದರ ತವರು. ಅಲ್ಲಿಂದ ಹಡಗಿನಲ್ಲಿ ಎಲ್ಲ ಕಡೆಗೂ ಹೋಗುತ್ತಿತ್ತು. ಮುಂದೆ ಡಚ್ಚರು ವ್ಯಾಪಾರ ಪೂರ್ತಿ ತಮ್ಮ ಕೈಯಲ್ಲೇ ಇರಲಿ ಅಂತ ತಮಗೆ ಬೇಕಾದ ಜಾಗ ಬಿಟ್ಟು ಉಳಿದ ದ್ವೀಪಗಳ ಲವಂಗದ ಮರಗಳನ್ನೇ ಕಡಿಸಿದರು. 1770ರಲ್ಲಿ ಫ್ರೆಂಚರು ಗುಟ್ಟಾಗಿ ಸಸಿಗಳನ್ನು ಮಾರಿಷಸ್‌ಗೆ ಸಾಗಿಸಿದ ಮೇಲೆ ಆ ಬಿಗಿ ಸಡಿಲವಾಯಿತು. ನಮ್ಮ ದೇಶಕ್ಕೆ ಸಸಿ ತಂದದ್ದು ಈಸ್ಟ್ ಇಂಡಿಯಾ ಕಂಪನಿ, ಸುಮಾರು 1800ರಲ್ಲಿ, ತಮಿಳುನಾಡಿನ ಕುಟ್ರಾಲಂಗೆ. ಈಗ ಕನ್ಯಾಕುಮಾರಿ, ಕೇರಳ, ನಮ್ಮ ದಕ್ಷಿಣ ಕನ್ನಡ, ಕೊಡಗಿನ ತೋಟಗಳಲ್ಲೂ ಇದೆ.

ಚೀನೀ ವೈದ್ಯರು ಯಾರಿಗೆ ಕೊಡುತ್ತಾರೆ?

ನಮ್ಮಲ್ಲಿ ಹೀಟು, ಥಂಡಿ ಅನ್ನುವುದಿಲ್ಲವೇ, ಚೀನೀ ವೈದ್ಯದಲ್ಲೂ ಅದೇ ರೀತಿಯ ಲೆಕ್ಕ ಇದೆ. ಲವಂಗ ಅವರ ಪ್ರಕಾರ ಖಾರ, ಉಷ್ಣ. ಆದ್ದರಿಂದ ಅದು 'ತಣ್ಣಗಾದ ಹೊಟ್ಟೆ'ಗೆ ಮದ್ದು. ತಣ್ಣಗಿದ್ದದ್ದು ತಿಂದರೆ ಹೊಟ್ಟೆ ನೋವು, ಬಿಸಿ ನೀರು ಕುಡಿದರೆ ಹಾಯೆನಿಸುವುದು, ಹಸಿವಿಲ್ಲ, ವಾಂತಿ, ಬೇಧಿ, ಇಂಥವರಿಗೆ. ಇನ್ನೊಂದು ಮಾತೂ ಅವರು ಹೇಳುತ್ತಾರೆ. ಹೊಟ್ಟೆಯ ಕೆಲಸ ಕೆಳಮುಖವಾಗಿ ನಡೆಯಬೇಕು. ಅದು ಮೇಲ್ಮುಖವಾದರೆ ಬಿಕ್ಕಳಿಕೆ, ವಾಂತಿ. ಲವಂಗ ಅದನ್ನು ಕೆಳಗೆ ಇಳಿಸುತ್ತದೆ ಅಂತ ಅವರ ನಂಬಿಕೆ. ಬಿಕ್ಕಳಿಕೆಗೆ ಅವರದ್ದೊಂದು ಹೆಸರಾಂತ ಕಷಾಯ ಇದೆ: ಲವಂಗ, ಹಸಿ ಶುಂಠಿ, ಜಿನ್‌ಸೆಂಗ್ ಬೇರು, ಮತ್ತೆ ಪರ್ಸಿಮನ್ ಎಂಬ ಹಣ್ಣಿನ ತೊಟ್ಟಿನ ಮೇಲಿನ ಒಣ ಎಲೆಯಂಥ ಭಾಗ. ಹಣ್ಣು ತಿಂದು ನಾವು ಬಿಸಾಡುವಂಥದ್ದನ್ನು ಅವರು ಒಣಗಿಸಿ ಮದ್ದಿಗೆ ಇಟ್ಟುಕೊಳ್ಳುತ್ತಾರೆ.

ಜ್ವರ ಇದ್ದವರಿಗೆ, ಬಾಯಿ ಒಣಗಿ ಮೈ ಬಿಸಿಯಾಗಿರುವವರಿಗೆ ಲವಂಗ ಕೊಡಬಾರದು ಅಂತಲೂ ಅಷ್ಟೇ ಖಡಾಖಂಡಿತವಾಗಿ ಹೇಳುತ್ತಾರೆ. ಹೊಟ್ಟೆನೋವು ಅಂದ ಕೂಡಲೇ ಎಲ್ಲರಿಗೂ ಒಂದೇ ಕಷಾಯ ಕುದಿಸುವ ನಮ್ಮ ಅಭ್ಯಾಸಕ್ಕಿಂತ ಇದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ಸಣ್ಣ ಮಕ್ಕಳ ಬೇಧಿಗೆ ಅಲ್ಲಿ ಹೊಟ್ಟೆಗೆ ಕೊಡುವುದರ ಬದಲು ಹೊಕ್ಕುಳಿಗೆ ಅಂಟಿಸುವ ಮದ್ದಿನ ಪಟ್ಟಿಯೂ ಸಿಗುತ್ತದೆ. ಅದರಲ್ಲಿ ಲವಂಗ, ದಾಲ್ಚಿನ್ನಿ, ಹಿಪ್ಪಲಿ. ಮೂರೂ ನಮ್ಮ ಪರಿಚಯದವೇ! ಹಾಗಂತ ಬೇಧಿಯಾದ ಮಗುವಿಗೆ ಮೊದಲು ಕೊಡಬೇಕಾದದ್ದು ಓ.ಆರ್.ಎಸ್. ನೀರು. ಅದನ್ನು ಯಾವ ಪಟ್ಟಿಯೂ ತಪ್ಪಿಸುವುದಿಲ್ಲ.

ಇದರಲ್ಲಿ ಎಷ್ಟು ನಿಜ? ನೂರಾರು ವರ್ಷ ಬಳಸಿದ್ದಾರೆ ಅನ್ನುವುದು ಒಂದು ಮಾತು, ಪರೀಕ್ಷೆಯಲ್ಲಿ ಸಾಬೀತಾಗಿದೆ ಅನ್ನುವುದು ಬೇರೆ ಮಾತು. ಒಂದೆರಡು ಬಿಕ್ಕಳಿಕೆ ತಾನಾಗಿಯೇ ನಿಲ್ಲುತ್ತದೆ, ಲವಂಗ ಬಾಯಲ್ಲಿಟ್ಟರೆ ನಷ್ಟವಿಲ್ಲ. ಎರಡು ದಿನಕ್ಕೂ ನಿಲ್ಲದಿದ್ದರೆ ಒಳಗೆ ಬೇರೆ ಕಾಯಿಲೆ ಇರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಗಂಡು ಲವಂಗ, ಹೆಣ್ಣು ಲವಂಗ

ಚೀನಾದ ಮದ್ದಿನ ಅಂಗಡಿಯಲ್ಲಿ ಗಂಡು ಲವಂಗ, ಹೆಣ್ಣು ಲವಂಗ ಅಂತ ಎರಡು ಜಾತಿ. 1596ರಲ್ಲಿ ಅಚ್ಚಾದ ಲಿ ಶಿಝೆನ್ ಅವರ ದೊಡ್ಡ ಔಷಧ ಗ್ರಂಥದಲ್ಲೂ ಈ ಭೇದ ಇದೆ. ನಿಜವಾಗಿ ಮರ ಒಂದೇ, ಹೂವೂ ಒಂದೇ. ಮೊಗ್ಗಾಗಿದ್ದಾಗ ಕಿತ್ತರೆ 'ಗಂಡು', ಅರಳಿ ಕಾಯಿ ಕಟ್ಟಿದ ಮೇಲೆ ಕಿತ್ತರೆ 'ಹೆಣ್ಣು'. ಮೊಗ್ಗಿನಲ್ಲಿ ಎಣ್ಣೆ ಹೆಚ್ಚು, ಕಾಯಿಯಲ್ಲಿ ಕಡಿಮೆ. ಅದಕ್ಕೇ ಮದ್ದಿಗೆ ಮೊಗ್ಗೇ ಬೇಕು. (ಹೆಚ್ಚು ಗುಣ ಇರುವುದಕ್ಕೆ ಗಂಡು ಅಂತ ಯಾರು ಹೆಸರಿಟ್ಟರೋ!)

ಮೊಗ್ಗು ಕೀಳುವ ಹದವೂ ಸೂಕ್ಷ್ಮ. ಹಸಿರು ಬಣ್ಣ ಹೋಗಿ ಕೆಂಪು ತಿರುಗುವಾಗ ಕೀಳಬೇಕು. ಎಳೆಯದಾದರೆ ಎಣ್ಣೆ ತುಂಬಿರುವುದಿಲ್ಲ, ತಡವಾದರೆ ಅರಳಿಬಿಡುತ್ತದೆ. ಒಂದೇ ಮರದಲ್ಲಿ ಎಲ್ಲ ಗೊಂಚಲೂ ಒಟ್ಟಿಗೆ ಹದಕ್ಕೆ ಬರುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಏಣಿ ಹತ್ತಬೇಕು. ಕಿತ್ತ ಮೇಲೆ ತೊಟ್ಟು ಬಿಡಿಸಿ ನಾಲ್ಕೈದು ದಿನ ಚಾಪೆಯ ಮೇಲೆ ಒಣಗಿಸಿದರೆ ಮೂರು ಕಿಲೋ ಹಸಿ ಮೊಗ್ಗು ಒಂದು ಕಿಲೋ ಆಗುತ್ತದೆ. ಬೆಲೆ ಯಾಕೆ ಹೆಚ್ಚು ಅಂತ ಇದರಿಂದಲೇ ತಿಳಿಯುತ್ತದೆ.

ಅರಿಶಿನದ ಜೊತೆ ಬೇಡವಂತೆ, ಹೌದಾ?

ಚೀನೀ ವೈದ್ಯದಲ್ಲಿ ಒಂದಕ್ಕೊಂದು ಆಗದ ಮದ್ದುಗಳ ಹಳೆಯ ಪಟ್ಟಿ ಇದೆ. ಅದರಲ್ಲಿ ಲವಂಗ ಮತ್ತು 'ಯು ಜಿನ್' ಒಟ್ಟಿಗೆ ಬೇಡ ಅಂತಿದೆ. ಯು ಜಿನ್ ಅಂದರೆ ಅರಿಶಿನದ ಕುಲದ ಗಿಡಗಳ ಬೇರಿನ ತುದಿಯಲ್ಲಿ ಬಿಡುವ ಸಣ್ಣ ಗೆಡ್ಡೆ. ನಾವು ಬೇಯಿಸಿ ಒಣಗಿಸುವ ಅರಿಶಿನ ಕೊಂಬಿಗೆ ಅವರಲ್ಲಿ ಬೇರೆಯೇ ಹೆಸರು. ಈ ನಿಯಮ ವೈದ್ಯರು ತೂಗಿ ಕೊಡುವ ಮದ್ದಿಗೆ. ನಮ್ಮ ಸಾರಿಗೆ ಚಿಟಿಕೆ ಅರಿಶಿನ, ನಾಲ್ಕು ಲವಂಗ ಬಿದ್ದರೆ ಹೆದರಬೇಕಾಗಿಲ್ಲ.

ಗ್ರಾಂ ಲೆಕ್ಕ, ಚಮಚದ ಲೆಕ್ಕ

ಈಗ ಮುಖ್ಯ ವಿಷಯ. ಚೀನಾ ಸರಕಾರದ ಅಧಿಕೃತ ಔಷಧ ಗ್ರಂಥದ ಪ್ರಕಾರ ದೊಡ್ಡವರಿಗೆ ಲವಂಗದ ಪ್ರಮಾಣ 1ರಿಂದ 3 ಗ್ರಾಂ. ಲವಂಗದ ಗಾತ್ರದ ಮೇಲೆ 1 ಗ್ರಾಂಗೆ ಸುಮಾರು ಹತ್ತು ಮೊಗ್ಗು ಬರುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಹೆಚ್ಚೆಂದರೆ ಮೂವತ್ತು ಮೊಗ್ಗು, ಅದೂ ವೈದ್ಯರು ಹೇಳಿದರೆ.

ಇನ್ನು ಎಣ್ಣೆ. 100 ಗ್ರಾಂ ಒಳ್ಳೆಯ ಲವಂಗದಿಂದ ಸುಮಾರು 15 ಗ್ರಾಂ ಎಣ್ಣೆ ಇಳಿಯುತ್ತದೆ. ಒಂದು ಟೀ ಚಮಚ ಅಂದರೆ 5 ಮಿಲಿ. ಲೆಕ್ಕ ಹಾಕಿ: ಒಂದು ಚಮಚ ಎಣ್ಣೆಯಲ್ಲಿ ಮೂವತ್ತು ಗ್ರಾಂಗಿಂತ ಹೆಚ್ಚು ಲವಂಗದ ಸತ್ವ, ಅಂದರೆ ಮುನ್ನೂರಕ್ಕೂ ಹೆಚ್ಚು ಮೊಗ್ಗು! ಲವಂಗ ಮನೆ ಮದ್ದು, ಆದ್ದರಿಂದ ಅದರ ಎಣ್ಣೆಯೂ ಮನೆ ಮದ್ದು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

1993ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ವರದಿ ಬಂತು. ಎರಡು ವರ್ಷದ ಗಂಡು ಮಗು 5ರಿಂದ 10 ಮಿಲಿ ಲವಂಗದ ಎಣ್ಣೆ ಕುಡಿದಿತ್ತು. ಮಗುವಿಗೆ ಫಿಟ್ಸ್ ಬಂತು, ಪ್ರಜ್ಞೆ ಹೋಯಿತು, ಲಿವರ್ ಕೆಟ್ಟಿತು, ರಕ್ತ ಹೆಪ್ಪುಗಟ್ಟುವುದೇ ಕಷ್ಟವಾಯಿತು. ಬಹಳ ಕಷ್ಟದ ಚಿಕಿತ್ಸೆಯಿಂದ ಉಳಿಯಿತು. ಇಷ್ಟಕ್ಕೆಲ್ಲ ಕಾರಣ ಒಂದೆರಡು ಚಮಚ.

ಆದ್ದರಿಂದ ಬಾಟಲಿಯನ್ನು ಮೇಲಿನ ಕಪಾಟಿನಲ್ಲಿಡಿ. ಹಲ್ಲು ಬರುವ ಮಗುವಿನ ವಸಡಿಗೆ ಹಚ್ಚಬೇಡಿ. ಮಗು ಕುಡಿದದ್ದು ಗೊತ್ತಾದರೆ ಉಪ್ಪು ನೀರು ಕೊಟ್ಟು ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ಆಗಬೇಕಾದವರು ಲವಂಗವನ್ನು ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ. ಅಡುಗೆಗೆ ಹಾಕುವುದಕ್ಕೆ ತೊಂದರೆ ಇಲ್ಲ.

ಹಲ್ಲು ನೋವಿನ ವಿಷಯ

ಲವಂಗದ ಶಕ್ತಿ ಯುಜೆನಾಲ್ ಎಂಬ ವಸ್ತುವಿನಲ್ಲಿದೆ. ಚೀನಾದ ಔಷಧ ಗ್ರಂಥದ ಪ್ರಕಾರ ಮದ್ದಿನ ಲವಂಗದಲ್ಲಿ ಇದು ಶೇಕಡಾ 11ಕ್ಕಿಂತ ಕಡಿಮೆ ಇರಬಾರದು. ಇದು ತಾಗಿದ ಜಾಗ ಜೋಮು ಹಿಡಿಯುತ್ತದೆ. ಈ ಒಂದು ಗುಣ ಪರೀಕ್ಷೆಯಲ್ಲೂ ಕಂಡಿದೆ. 2006ರಲ್ಲಿ ಕುವೈತಿನಲ್ಲಿ 73 ಜನರ ಬಾಯಿಗೆ ಲವಂಗದ ಪುಡಿಯ ಜೆಲ್ ಹಚ್ಚಿ ಸೂಜಿ ಚುಚ್ಚಿ ನೋಡಿದಾಗ, ಹಲ್ಲಿನ ಡಾಕ್ಟರುಗಳು ಹಚ್ಚುವ ಬೆಂಜೊಕೇನ್ ಎಂಬ ಮದ್ದಿನಷ್ಟೇ ನೋವು ಕಡಿಮೆ ಮಾಡಿತು. ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲೂ ಯುಜೆನಾಲ್ ಇರುತ್ತದೆ.

ಆದರೆ ಜೋಮು ಹಿಡಿದದ್ದು ವಾಸಿಯಾದದ್ದಲ್ಲ. ಒಳಗೆ ಹುಳುಕು ಬೆಳೆಯುತ್ತಲೇ ಇರುತ್ತದೆ. ನಮ್ಮ ಹೆಂಗಸರು ಬಸ್ ಚಾರ್ಜು, ಡಾಕ್ಟರ್ ಫೀಸು, ಒಂದು ದಿನದ ಕೂಲಿ ಎಲ್ಲ ಲೆಕ್ಕ ಹಾಕಿ ಲವಂಗ ಕಚ್ಚಿಕೊಂಡು ತಿಂಗಳು ದೂಡುತ್ತಾರೆ. ಆಮೇಲೆ ಕೀವು ಕಟ್ಟಿ ದವಡೆ ಊದಿದಾಗ ಅದಕ್ಕಿಂತ ಎಷ್ಟೋ ಪಾಲು ಖರ್ಚು. ರಾತ್ರಿ ನೋವಿಗೆ ಒಂದು ಲವಂಗ ಕಚ್ಚಿ ಹಿಡಿಯಿರಿ, ಪರವಾಗಿಲ್ಲ. ಬರೀ ಎಣ್ಣೆ ಹಚ್ಚಿದರೆ ವಸಡು ಸುಡುತ್ತದೆ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಘದ ತುರ್ತು ಸಾಲ ಇಂಥದ್ದಕ್ಕೇ ಇರುವುದು, ಕೇಳಲು ನಾಚಿಕೆ ಬೇಡ.

ಒಳ್ಳೆಯ ಲವಂಗ ಗುರುತಿಸುವುದು

ಗರಂ ಮಸಾಲೆ ಮಾಡಿ ಮಾರುವ ಸಂಘಗಳಿಗೆ ಇದು. ಎಣ್ಣೆ ತೆಗೆದುಬಿಟ್ಟ ಲವಂಗವನ್ನೂ ಒಣಗಿಸಿ ಒಳ್ಳೆಯದರ ಜೊತೆ ಬೆರೆಸಿ ಮಾರುವುದುಂಟು. ಚೀನಾದ ಮದ್ದಿನ ವ್ಯಾಪಾರಿಗಳು ಮಾಡುವ ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ಲವಂಗ ಹಾಕಿ. ಒಳ್ಳೆಯದಾದರೆ ಕಾಂಡದ ಭಾಗ ಕೆಳಗಾಗಿ ನೆಟ್ಟಗೆ ನಿಲ್ಲುತ್ತದೆ ಅಥವಾ ಮುಳುಗುತ್ತದೆ. ಎಣ್ಣೆ ಹೋದದ್ದು ಅಡ್ಡಡ್ಡ ತೇಲುತ್ತದೆ. ಉಗುರಿನಿಂದ ಒತ್ತಿದರೂ ತಿಳಿಯುತ್ತದೆ, ಒಳ್ಳೆಯದರಲ್ಲಿ ಎಣ್ಣೆ ಜಿನುಗುತ್ತದೆ. ತಲೆಯ ಗುಂಡು ಉದುರಿದ್ದು, ಸುಕ್ಕಾಗಿ ಸಣಕಲಾದದ್ದು, ಬರೀ ತೊಟ್ಟಿನ ಕಡ್ಡಿಗಳು ತುಂಬಿದ್ದು ಬೇಡ. ಪುಡಿಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಆದ್ದರಿಂದ ಇಡೀ ಲವಂಗವನ್ನೇ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪ್ಯಾಕ್ ಮಾಡುವ ದಿನವೇ ಪುಡಿ ಮಾಡಿ.