ಮೇದರ ಹೆಣಿಗೆಯಲ್ಲಿ ಬೆಳಕು

ಕೊಡಗಿನ ಹೋಂಸ್ಟೇಗಳಲ್ಲಿ ಊಟದ ಮೇಜಿನ ಮೇಲೆ ಈಗ ಬಿದಿರಿನ ದೀಪ ತೂಗುತ್ತದೆ. ಎಷ್ಟೋ ಕಡೆ ಅದು ಆನ್‌ಲೈನ್‌ನಲ್ಲಿ ತರಿಸಿದ್ದು. ಅದೇ ಸೀಮೆಯ ಸಂತೆಯಲ್ಲಿ ಮೊರ, ಬುಟ್ಟಿ ಹರಡಿಕೊಂಡು ಕೂತ ಮೇದರಿಗೆ ಗಿರಾಕಿ ಇಲ್ಲ. ಇದು ಸಂಕಟದ ಸಂಗತಿ.

ಕೊಡವರ ಹಬ್ಬ, ಮದುವೆಗಳಿಗೆ ವಾದ್ಯ ಬಡಿಯುವವರೂ ಮೇದರೇ, ಬುಟ್ಟಿ ಹೆಣೆದುಕೊಡುವವರೂ ಅವರೇ. ಎಂ.ಎನ್. ಶ್ರೀನಿವಾಸ್ ಕೊಡವರ ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡೂ ಕಸುಬುಗಳ ಮಾತು ಬರುತ್ತದೆ.

ಹೆಣಿಗೆಗೆ ತೀರಾ ಎಳೆ ಬಿದಿರು ಆಗದು, ಒಣಗಿದಾಗ ಸುಕ್ಕುಗಟ್ಟುತ್ತದೆ. ತೀರಾ ಬಲಿತದ್ದು ಬಾಗದು. ಗಳದ ತುದಿಗೆ ಕತ್ತಿಯಿಟ್ಟು ಏಟು ಹಾಕಿದರೆ ಸೀಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತದೆ. ಹೊರಗಿನ ಹಸಿರು ಪದರ ಗಟ್ಟಿ; ಒಳಗಿನ ಬಿಳಿ ಪದರದಲ್ಲಿ ಪಿಷ್ಟ ಹೆಚ್ಚು, ಹುಳು ಬೇಗ ಹತ್ತುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದ ಬುಟ್ಟಿ ಹುಳು ಹತ್ತದೆ ವರ್ಷಗಟ್ಟಲೆ ಬಾಳುತ್ತಿತ್ತು. ಬುಟ್ಟಿಯನ್ನು ಕಾಳು ಸೋರದಂತೆ ಬಿಗಿಯಾಗಿ ಹೆಣೆದರೆ ಸಾಕು. ಅದೇ ಕೈ ದೀಪ ಹೆಣೆಯಬೇಕಾದರೆ ಕಿಂಡಿ ಬಿಡಬೇಕು, ಕಿಂಡಿಗಳೆಲ್ಲ ಸಮನಾಗಿರಬೇಕು. ಬುಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಸಣ್ಣ ಓರೆಕೋರೆ, ಒಳಗೆ ಬಲ್ಬು ಹೊತ್ತಿದೊಡನೆ ಗೋಡೆಯ ಮೇಲೆ ಗೇಣುದ್ದವಾಗಿ ಕಾಣುತ್ತದೆ. ಕಾವು ಕಡಿಮೆಯ ಎಲ್‌ಇಡಿ ಬಂದ ಮೇಲೆ ಬಿದಿರು ಸುಡುವ ಭಯವೂ ಅಷ್ಟಿಲ್ಲ.

ದೂರದ ಚಿಲಿಯಲ್ಲಿ ಮಪುಚೆ ಜನರು ಬುಟ್ಟಿಯ ಹೆಣಿಗೆಯಿಂದ ದೀಪದ ಕಡೆಗೆ ಹೊರಳಿದ್ದಾರೆ. ಗೋಧಿ ಕೇರಲು ಅವರಿಗೂ ಮೊರವಿದೆ. ಬುಟ್ಟಿಗೆ ಬಳಸುವುದು ವೋಕಿ ಎಂಬ ಕಾಡುಬಳ್ಳಿ. ಆ ಹೆಣಿಗೆಯಲ್ಲೇ ಈಗ ದೀಪಗಳೂ ಬರುತ್ತಿವೆ. ಆದರೆ ಅಲ್ಲಿನ ಸಹಜ ಕಾಡನ್ನು ಪೈನ್, ನೀಲಗಿರಿ ತೋಪುಗಳು ನುಂಗಿದಂತೆ ಬಳ್ಳಿಯೂ ದೂರವಾಗಿದೆ.

ನಮ್ಮಲ್ಲೂ ತೊಡಕು ಇರುವುದು ಕಚ್ಚಾವಸ್ತುವಿನಲ್ಲೇ. 2010ರ ಆಚೀಚೆ ನಾಗರಹೊಳೆಯ ಬಿದಿರು ಒಟ್ಟಾಗಿ ಹೂಬಿಟ್ಟು ಸತ್ತಿತು. ಬೀಜದಿಂದ ಎದ್ದ ಮೆಳೆ ಬಲಿಯಲು ವರ್ಷಗಳೇ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದಿತು. 2017ರಲ್ಲಿ ಕೇಂದ್ರದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಕಾಡಿನಾಚೆ ಬೆಳೆದ ಬಿದಿರು ಮರದ ಪಟ್ಟಿಯಿಂದ ಹೊರಬಂತು. ಕಾಫಿ ತೋಟದ ಬೇಲಿಯಂಚಿನಲ್ಲಿ, ತೋಡಿನ ಬದಿಯಲ್ಲಿ ನಾಲ್ಕು ಮೆಳೆ ನೆಡಲು ಬೆಳೆಗಾರರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹೋಂಸ್ಟೇ ನಡೆಸುವವರು ಮಳೆಗಾಲದಲ್ಲೇ ಮುಂಗಡ ಕೊಟ್ಟು ದೀಪ ಹೆಣೆಸಲಿ. ಮೇದರ ಕೈಗೆ ಆಗಲೇ ಕೆಲಸ ಬೇಕಾಗಿರುವುದು.