ತೆರೆಯ ಮೇಲಿನ ಯಂತ್ರ, ಎಸ್.ಪಿ. ರಸ್ತೆಯ ಬಿಡಿಭಾಗ

ವೈಜ್ಞಾನಿಕ ಕಲ್ಪನೆಯ ಚಲನಚಿತ್ರಗಳಲ್ಲಿ ಕಾಣಿಸುವ ಆಯುಧ, ಉಪಕರಣ, ಶಿರಸ್ತ್ರಾಣ ಮತ್ತು ಯಂತ್ರಮಾನವರನ್ನು ಚಿತ್ರೋದ್ಯಮವು ಪ್ರಾಪರ್ಟಿ ಅಥವಾ ಚಿಕ್ಕದಾಗಿ ಪ್ರಾಪ್ ಎಂದು ಕರೆಯುತ್ತದೆ. ಇಂತಹ ವಸ್ತು ಕ್ಯಾಮೆರಾದ ಕಣ್ಣಿಗೆ ಒಪ್ಪಿಗೆಯಾದರೆ ಸಾಕು. ಅದರ ಒಳಗೆ ಏನೂ ಇಲ್ಲದಿದ್ದರೂ, ಹಿಂಬದಿಯಲ್ಲಿ ಬರಿಯ ಪ್ಲೈವುಡ್ ಕಾಣುತ್ತಿದ್ದರೂ, ದೃಶ್ಯ ಮುಗಿಯುವವರೆಗೆ ಕಳಚಿ ಬೀಳದಿದ್ದರೆ ಅದರ ಕೆಲಸ ಮುಗಿದಂತೆ. ಅದೇ ವಸ್ತುವನ್ನು ಮನೆಯ ಮೇಜಿನ ಮೇಲೆ ಮತ್ತೆ ನಿರ್ಮಿಸಿ, ಗುಂಡಿ ಒತ್ತಿದಾಗ ಬೆಳಗುವಂತೆ, ಬೀಸಿದಾಗ ಸದ್ದು ಮಾಡುವಂತೆ, ನೆಲದ ಮೇಲೆ ತಾನಾಗಿ ಚಲಿಸುವಂತೆ ಮಾಡಲು ಹೊರಟವರು, ಚಿತ್ರತಂಡವು ಎಂದೂ ಕೇಳಿಕೊಳ್ಳಬೇಕಾಗಿರದ ಪ್ರಶ್ನೆಯೊಂದನ್ನು ಎದುರಿಸಬೇಕಾಗುತ್ತದೆ: ಈ ವಸ್ತು ಕೆಲಸ ಮಾಡುತ್ತದೆ ಎಂದರೆ ನಿಜವಾಗಿ ಏನು ಮಾಡಬೇಕು? ಕೆಲಸ ಮಾಡುವ ಪ್ರತಿಕೃತಿಗಳನ್ನು ಕಟ್ಟುವ ಹವ್ಯಾಸದ ಸ್ವಾರಸ್ಯವೆಲ್ಲ ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿದೆ.

ಈ ಹವ್ಯಾಸಿಗಳು ಅತಿ ಹೆಚ್ಚು ಕೈಹಾಕುವ ವಸ್ತುಗಳಲ್ಲಿ 1977ರ ‘ಸ್ಟಾರ್ ವಾರ್ಸ್’ ಚಿತ್ರದ ಲೈಟ್‌ಸೇಬರ್, ಅಂದರೆ ಹಿಡಿಯಿಂದ ಬೆಳಕಿನ ಅಲಗು ಹೊಮ್ಮುವ ಖಡ್ಗ, ಮುಖ್ಯವಾದದ್ದು. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರು ನಾಯಕ ಲ್ಯೂಕ್‌ನ ಖಡ್ಗಕ್ಕಾಗಿ ಹೊಸ ಹಿಡಿಯನ್ನು ತಯಾರಿಸಲಿಲ್ಲ. ಹಿಂದಿನ ಕಾಲದ ಪತ್ರಿಕಾ ಛಾಯಾಗ್ರಾಹಕರು ಬಳಸುತ್ತಿದ್ದ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಷ್ ಹಿಡಿಕೆಯೊಂದನ್ನು ಲಂಡನ್ನಿನ ಛಾಯಾಗ್ರಹಣ ಸಾಮಗ್ರಿಗಳ ಅಂಗಡಿಯಲ್ಲಿ ಕಂಡು, ಅದಕ್ಕೆ ರಬ್ಬರ್ ಪಟ್ಟಿಗಳನ್ನು ಅಂಟಿಸಿ ಸಿದ್ಧಪಡಿಸಿದರು. ಅಲಗಿನ ಜಾಗದಲ್ಲಿ, ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಹೊದಿಕೆಯುಳ್ಳ ಕೋಲನ್ನು ಮೋಟಾರಿನಿಂದ ತಿರುಗಿಸಲಾಯಿತು, ಮತ್ತು ತೆರೆಯ ಮೇಲೆ ಕಾಣುವ ಪ್ರಭೆಯನ್ನು ಚಿತ್ರೀಕರಣದ ನಂತರ ಫಿಲ್ಮಿನ ಒಂದೊಂದು ಚೌಕಟ್ಟಿನ ಮೇಲೂ ಪ್ರತ್ಯೇಕವಾಗಿ ಮೂಡಿಸಲಾಯಿತು. ಖಡ್ಗದ ಗುಂಯ್‌ಗುಡುವ ಧ್ವನಿಯೂ ಇಂತಹದ್ದೇ ಜೋಡಣೆಯ ಫಲ: ಧ್ವನಿ ವಿನ್ಯಾಸಕ ಬೆನ್ ಬರ್ಟ್ ಅವರು ಹಳೆಯ ಪ್ರೊಜೆಕ್ಟರಿನ ಮೋಟಾರಿನ ಗುನುಗನ್ನು ದೂರದರ್ಶನ ಯಂತ್ರದ ಬಳಿ ಮೈಕಿನ ತಂತಿ ಹಿಡಿದುಕೊಂಡ ಕರಕರ ಸದ್ದಿನೊಂದಿಗೆ ಬೆರೆಸಿ, ಆ ಮಿಶ್ರಣವನ್ನು ಸ್ಪೀಕರಿನಲ್ಲಿ ನುಡಿಸುತ್ತ, ಅದರ ಎದುರು ಇನ್ನೊಂದು ಮೈಕನ್ನು ಬೀಸಿ ಮತ್ತೆ ಮುದ್ರಿಸಿಕೊಂಡರು. ಹೀಗೆ ಜಗತ್ತಿನ ಅತ್ಯಂತ ಪ್ರಸಿದ್ಧ ಕಾಲ್ಪನಿಕ ಆಯುಧವು ಹುಟ್ಟಿದ್ದೇ ಹಳೆಯ ಸಾಮಾನಿನಿಂದ ಎಂಬುದನ್ನು ನೆನೆದರೆ, ಬೆಂಗಳೂರಿನ ಹವ್ಯಾಸಿಯೊಬ್ಬ ಕೊಳಾಯಿ ಪೈಪಿನಿಂದ ಅದನ್ನು ಕಟ್ಟಲು ಹೊರಡುವುದು ಮೂಲಕ್ಕೆ ಮಾಡುವ ಅಪಚಾರವಾಗುವುದಿಲ್ಲ.

ಇಂದಿನ ಪ್ರತಿಕೃತಿಯಲ್ಲಿ ಅಲಗು ಎಂದರೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ. ಅದರೊಳಗೆ ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಎಲ್‌ಇಡಿ ಪಟ್ಟಿಗಳಿರುತ್ತವೆ. ಈ ಪಟ್ಟಿಯ ಪ್ರತಿ ದೀಪದಲ್ಲೂ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಕಿರುದೀಪಗಳೂ ಅವುಗಳನ್ನು ನಿಯಂತ್ರಿಸುವ ಒಂದು ಸಣ್ಣ ಚಿಪ್ಪೂ ಇರುವುದರಿಂದ, ದೀಪಗಳನ್ನು ಬುಡದಿಂದ ತುದಿಯವರೆಗೆ ಒಂದರ ನಂತರ ಒಂದರಂತೆ ಬೆಳಗಿಸಿ ಅಲಗು ಹೊರಚಿಮ್ಮುವ ಭ್ರಮೆಯನ್ನು ಉಂಟುಮಾಡಬಹುದು. ಹಿಡಿಯೊಳಗಿನ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಗಣಕ, ಈ ಕೆಲಸವನ್ನು ಮಾಡಿಸುತ್ತದೆ; ಚಲನೆಯನ್ನು ಅಳೆಯುವ ಇನ್ನೊಂದು ಚಿಪ್ಪು ಕೈ ಎಷ್ಟು ವೇಗವಾಗಿ ಬೀಸಿತು ಎಂಬುದನ್ನು ತಿಳಿಸಿದೊಡನೆ, ಅದಕ್ಕೆ ತಕ್ಕ ಧ್ವನಿ ಸ್ಪೀಕರಿನಿಂದ ಹೊರಡುತ್ತದೆ. ಇಷ್ಟರವರೆಗೆ ಎಲ್ಲವೂ ಸುಲಭವೆನಿಸುತ್ತದೆ. ಕಷ್ಟವಿರುವುದು ವಿದ್ಯುತ್ತಿನ ಲೆಕ್ಕದಲ್ಲಿ. ಮೀಟರಿಗೆ 144 ದೀಪಗಳಿರುವ ಪಟ್ಟಿಯ ಒಂದೊಂದು ದೀಪವೂ ಪೂರ್ಣ ಬಿಳಿ ಬೆಳಕಿನಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. ಆದ್ದರಿಂದ ಒಂದು ಮೀಟರಿನ ಒಂದು ಪಟ್ಟಿಗೆ 8.64 ಆಂಪಿಯರ್, ಎರಡಕ್ಕೆ 17 ಆಂಪಿಯರ್‌ಗೂ ಹೆಚ್ಚು ಬೇಕಾಗುತ್ತದೆ. ಹಿಡಿಯಲ್ಲಿ ಜಾಗವಿರುವುದು ಒಂದೇ ಒಂದು ಲಿಥಿಯಂ ಕೋಶಕ್ಕೆ. ನೀಲಿಯೊಂದನ್ನೇ ಬೆಳಗಿಸಿದರೆ ಈ ಬೇಡಿಕೆ ಮೂರನೇ ಒಂದರಷ್ಟಕ್ಕೆ ಇಳಿಯುವುದರಿಂದ, 3,000 ಮಿಲಿಆಂಪ್-ಅವರ್ ಸಾಮರ್ಥ್ಯದ ಒಳ್ಳೆಯ ಕೋಶವು ಸುಮಾರು ಅರ್ಧ ಗಂಟೆ ನಡೆಸಬಲ್ಲದು. ನಾಯಕನ ಖಡ್ಗ ನೀಲಿಯಾಗಿರುವುದು ಹವ್ಯಾಸಿಯ ಪಾಲಿಗೆ ಒಂದು ಆಕಸ್ಮಿಕ ಅನುಕೂಲವೆಂದೇ ಹೇಳಬೇಕು.

ಇಂತಹ ಸಾಮಗ್ರಿಗಳ ದೃಷ್ಟಿಯಿಂದ ದಕ್ಷಿಣ ಬೆಂಗಳೂರಿನ ಸ್ಥಾನ ಗಮನಾರ್ಹವಾದದ್ದು. ಜಯನಗರ, ಜೆ.ಪಿ. ನಗರ, ಬನಶಂಕರಿಗಳನ್ನು ಸಾಮಾನ್ಯವಾಗಿ ಉದ್ಯಾನಗಳ ಮತ್ತು ದರ್ಶಿನಿಗಳ ಬಡಾವಣೆಗಳೆಂದು ವರ್ಣಿಸಲಾಗುತ್ತದೆಯಾದರೂ, ಸಾರಕ್ಕಿ ಮತ್ತು ಯಲಚೇನಹಳ್ಳಿಯ ಕೈಗಾರಿಕಾ ಪ್ರದೇಶಗಳು ಇವುಗಳ ಮಗ್ಗುಲಲ್ಲೇ ಇವೆ. ಲೇತ್ ಯಂತ್ರದಲ್ಲಿ ಅಲ್ಯೂಮಿನಿಯಂ ಸರಳನ್ನು ಕಡೆಸಿಕೊಳ್ಳಬೇಕಾದವನು ಬಹಳ ದೂರ ಹೋಗಬೇಕಾಗಿಲ್ಲ. 2017ರ ಜೂನ್‌ನಲ್ಲಿ ನಮ್ಮ ಮೆಟ್ರೋದ ಹಸಿರು ಮಾರ್ಗವು ಯಲಚೇನಹಳ್ಳಿಯವರೆಗೆ ತೆರೆದ ಮೇಲೆ, ಬನಶಂಕರಿಯಲ್ಲಿ ಹತ್ತಿದವರು ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆ ಎಂದೇ ಕರೆಸಿಕೊಳ್ಳುವ ಸಾದರ ಪತ್ರಪ್ಪ ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳನ್ನು ನಡೆದೇ ತಲುಪುವಂತಾಯಿತು. ಅದೇ ಗಾಡಿಯಲ್ಲಿ ಮುಂದೆ ಹೋದರೆ ಪೀಣ್ಯದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವು ಬಿ.ಟಿ.ಎಂ. ಬಡಾವಣೆಯನ್ನು ಒಂದು ಕಡೆ ಆರ್.ವಿ. ರಸ್ತೆಗೂ ಇನ್ನೊಂದು ಕಡೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೂ ಜೋಡಿಸಿದೆ. ಬಿಡಿಭಾಗಗಳನ್ನು ಅಂತರಜಾಲದಲ್ಲಿ ತರಿಸಿಕೊಳ್ಳುವುದು ಸಾಧ್ಯವಿದ್ದರೂ, ಸ್ವಿಚ್ಚು ಬೆರಳಿಗೆ ಹೇಗೆ ಸಿಗುತ್ತದೆ, ಕೊಳವೆ ಹಿಡಿಯೊಳಗೆ ಬಿಗಿಯಾಗಿ ಕೂರುತ್ತದೆಯೇ ಎಂಬುದನ್ನು ಅಂಗಡಿಯ ಕಟ್ಟೆಯ ಮುಂದೆ ನಿಂತು ನೋಡುವುದಕ್ಕೆ ಬದಲಿ ಇಲ್ಲ.

ಮನೆಯಲ್ಲೇ ಸಂಕೀರ್ಣ ಆಕಾರಗಳನ್ನು ಪಡೆಯಲು ನೆರವಾದದ್ದು ತ್ರೀಡಿ ಮುದ್ರಣ. ಕರಗಿದ ಪ್ಲಾಸ್ಟಿಕ್ ಎಳೆಯನ್ನು ಒಂದು ಪದರದ ಮೇಲೆ ಇನ್ನೊಂದರಂತೆ ಹಾಸಿ ವಸ್ತುವನ್ನು ಬೆಳೆಸುವ ಈ ವಿಧಾನದ ಮೂಲ ಪೇಟೆಂಟು 2009ರಲ್ಲಿ ಮುಗಿದ ಬಳಿಕವೇ ಯಂತ್ರಗಳ ಬೆಲೆ ಸಾಮಾನ್ಯರ ಕೈಗೆಟುಕುವಷ್ಟು ಇಳಿಯಿತು. ಆದರೆ ಯಂತ್ರದಿಂದ ಹೊರಬಂದ ಶಿರಸ್ತ್ರಾಣವು ಪದರಗಳ ಗೆರೆಗಳಿಂದ ತುಂಬಿರುತ್ತದೆ. ಕಾರುಗಳ ಟಿಂಕರಿಂಗ್ ಅಂಗಡಿಯಲ್ಲಿ ಬಳಸುವ ಪುಟ್ಟಿಯನ್ನು ಮೆತ್ತಿ, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು ಮತ್ತೆ ಉಜ್ಜುವ ಕೆಲಸವು ಮುದ್ರಣಕ್ಕಿಂತ ಹೆಚ್ಚು ಸಮಯವನ್ನೂ ಸಹನೆಯನ್ನೂ ಬೇಡುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಕಾರಿನಲ್ಲಿ ಬಿಟ್ಟ ಶಿರಸ್ತ್ರಾಣ ಸೊಟ್ಟಗಾಗುವ ಸಂಭವವಿದೆ.

ಕೆಲಸ ಮಾಡುವುದೆಂದರೆ ಬೆಳಗುವುದಲ್ಲ, ಕತ್ತರಿಸುವುದು ಎಂದು ಹಟ ಹಿಡಿದವರೂ ಇದ್ದಾರೆ. ಬೆಳಕು ಒಂದು ಮೀಟರಿಗೆ ಬಂದು ತಾನಾಗಿ ನಿಲ್ಲುವುದಿಲ್ಲ, ಎರಡು ಬೆಳಕಿನ ಕಿರಣಗಳು ಒಂದನ್ನೊಂದು ತಡೆಯುವುದೂ ಇಲ್ಲ. ಹೀಗಾಗಿ ಅವರು ಬೆಳಕನ್ನು ಬಿಟ್ಟು ಜ್ವಾಲೆಯ ಮೊರೆಹೋದರು. ಕೆನಡಾದ ಜೇಮ್ಸ್ ಹಾಬ್ಸನ್ ಅವರ ತಂಡವು 2020ರಲ್ಲಿ ಆಮ್ಲಜನಕ ಮತ್ತು ಅಡುಗೆ ಅನಿಲದಂತಹ ಇಂಧನವನ್ನು ಸೇರಿಸಿ ಉರಿಸಿ, ಉಕ್ಕನ್ನು ಕರಗಿಸಬಲ್ಲ ಉದ್ದನೆಯ ಅಲಗನ್ನು ಸೃಷ್ಟಿಸಿತು. ಅನಿಲದ ಸಿಲಿಂಡರುಗಳು ಮಾತ್ರ ಬೆನ್ನಿಗೆ ಬಂದವು. ರಷ್ಯಾದ ಅಲೆಕ್ಸ್ ಬುರ್ಕನ್ ಹೈಡ್ರೋಜನ್ ಉತ್ಪಾದಿಸುವ ಸಾಧನವನ್ನು ಹಿಡಿಯೊಳಗೇ ಅಡಗಿಸಿ ಗಿನ್ನೆಸ್ ದಾಖಲೆಯನ್ನು ಪಡೆದರು. ಇವು ಸಾಹಸಗಳೇ ಹೌದು, ಆದರೆ ಪ್ರತಿಕೃತಿಗಿಂತ ಗ್ಯಾಸ್ ಕಟಿಂಗ್ ಉಪಕರಣಕ್ಕೆ ಹತ್ತಿರವಾದವು. ಮನೆಯಲ್ಲಿ ಅನುಕರಿಸಲು ಯೋಗ್ಯವಾದವಂತೂ ಅಲ್ಲ.

ಇದಕ್ಕಿಂತ ಹೆಚ್ಚಿನ ಕೌಶಲ ಕಾಣುವುದು ‘ಸ್ಟಾರ್ ವಾರ್ಸ್’ನ ಆರ್‌2-ಡಿ2 ಎಂಬ ಪೀಪಾಯಿ ಆಕಾರದ ಯಂತ್ರಮಾನವನ ನಿರ್ಮಾಣದಲ್ಲಿ. ಮೊದಲ ಚಿತ್ರದ ಅನೇಕ ದೃಶ್ಯಗಳಲ್ಲಿ ಅದರೊಳಗೆ ಕೆನ್ನಿ ಬೇಕರ್ ಎಂಬ ಕುಳ್ಳ ನಟರು ಕುಳಿತಿರುತ್ತಿದ್ದರು. ಹವ್ಯಾಸಿಗಳಿಗೆ ಆ ಸೌಲಭ್ಯವಿಲ್ಲದ್ದರಿಂದ ಅವರು ಮೋಟಾರು, ಚಕ್ರ, ರೇಡಿಯೊ ನಿಯಂತ್ರಣಗಳನ್ನು ತಾವೇ ವಿನ್ಯಾಸಗೊಳಿಸಬೇಕಾಯಿತು, ಮತ್ತು 1999ರಲ್ಲಿ ಆರಂಭವಾದ ಅವರ ಸಂಘವು ನಕ್ಷೆಗಳನ್ನು ಪರಸ್ಪರ ಹಂಚಿಕೊಳ್ಳುತ್ತ ಬೆಳೆಯಿತು. ಆ ಸಂಘಕ್ಕೆ ಸೇರಿದ ಲೀ ಟವರ್ಸಿ ಮತ್ತು ಆಲಿವರ್ ಸ್ಟೀಪಲ್ಸ್ ಎಂಬಿಬ್ಬರ ಕೆಲಸವನ್ನು ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ 2013ರಲ್ಲಿ ಜರ್ಮನಿಯ ಸಮಾವೇಶವೊಂದರಲ್ಲಿ ಕಂಡು, 2015ರಲ್ಲಿ ತೆರೆಕಂಡ ಚಿತ್ರಕ್ಕೆ ಆರ್‌2-ಡಿ2ವನ್ನು ಕಟ್ಟಿಕೊಡಲು ಅವರನ್ನೇ ನೇಮಿಸಿಕೊಂಡರು. ಅನುಕರಣೆಯಾಗಿ ಹುಟ್ಟಿದ್ದು ಮೂಲದ ಸ್ಥಾನಕ್ಕೇರಿದ ಅಪರೂಪದ ಪ್ರಸಂಗವಿದು.

ಕನ್ನಡ ಚಿತ್ರರಂಗದಲ್ಲೂ ಇಂತಹ ಕಲ್ಪನೆಗಳಿಗೆ ಕೊರತೆಯಿರಲಿಲ್ಲ. 1968ರ ‘ಜೇಡರ ಬಲೆ’ಯಿಂದ ಆರಂಭವಾದ ರಾಜ್‌ಕುಮಾರ್ ಅವರ ಪತ್ತೇದಾರಿ ಚಿತ್ರಗಳಾಗಲಿ, ಉಪೇಂದ್ರ ಅವರು ಯಂತ್ರಮಾನವನಾಗಿಯೂ ಕಾಣಿಸಿಕೊಂಡ 2002ರ ‘ಹಾಲಿವುಡ್’ ಆಗಲಿ, ಪ್ರತಿಕೃತಿಕಾರರಿಗೆ ಒದಗಬಹುದಾದ ವಸ್ತುಗಳೇ ಆಗಿವೆ. ಅಳತೆ, ಛಾಯಾಚಿತ್ರ, ಬಣ್ಣದ ಮಾಹಿತಿಗಳಿಲ್ಲದೆ ಪ್ರತಿಕೃತಿ ಹುಟ್ಟುವುದಿಲ್ಲವಾದ್ದರಿಂದ, ಚಿತ್ರಗಳ ಕಲಾ ವಿಭಾಗದವರು ತಮ್ಮ ವಸ್ತುಗಳನ್ನು ಗುಜರಿಗೆ ಹಾಕುವ ಮುನ್ನ ಅಳೆದು ದಾಖಲಿಸಿಡುವುದು ಒಳಿತು.

ಆಟವು ಉಪಯೋಗದ ಕಡೆಗೆ ತಿರುಗಿದ ನಿದರ್ಶನಗಳೂ ಇವೆ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ವೈದ್ಯನು ರೋಗಿಯ ಮೈಮುಟ್ಟದೆ ಕಾಯಿಲೆ ಹೇಳುವ ಟ್ರೈಕಾರ್ಡರ್ ಎಂಬ ಉಪಕರಣವನ್ನು ಹಿಡಿದಿರುತ್ತಾನೆ. ಅದರ ಹೆಸರಿನಲ್ಲೇ 2012ರಲ್ಲಿ ಘೋಷಣೆಯಾದ ಅಂತರರಾಷ್ಟ್ರೀಯ ಸ್ಪರ್ಧೆಯು, 13 ಆರೋಗ್ಯ ಸ್ಥಿತಿಗಳನ್ನು ಗುರುತಿಸುವ ಮತ್ತು ದೇಹದ 5 ಮುಖ್ಯ ಲಕ್ಷಣಗಳನ್ನು ಅಳೆಯುವ ಮನೆಬಳಕೆಯ ಸಾಧನವನ್ನು ಬಯಸಿತು. 2017ರಲ್ಲಿ ಅಮೆರಿಕದ ವೈದ್ಯ ಬೇಸಿಲ್ ಹ್ಯಾರಿಸ್ ಅವರ ತಂಡ ಮೊದಲ ಬಹುಮಾನ ಗೆದ್ದಿತು. ನೆರೆಯ ಕೇರಳದಲ್ಲಿ, ಹಾಲಿವುಡ್ ಚಿತ್ರಗಳಿಂದ ಪ್ರೇರಿತರಾಗಿ ಮನುಷ್ಯನ ಚಲನೆಯನ್ನೇ ಅನುಸರಿಸುವ ಬೃಹತ್ ಯಾಂತ್ರಿಕ ಕವಚವನ್ನು ಕಾಲೇಜಿನಲ್ಲಿದ್ದಾಗ ಕಟ್ಟಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮುಂದೆ ಜೆನ್‌ರೊಬೊಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸದೆ ಸ್ವಚ್ಛಗೊಳಿಸುವ ‘ಬ್ಯಾಂಡಿಕೂಟ್’ ಯಂತ್ರವನ್ನು 2018ರಲ್ಲಿ ಬಳಕೆಗೆ ತಂದರು. ಸಿನಿಮಾದ ಕವಚವು ಇದಕ್ಕಿಂತ ಘನವಾದ ಕೆಲಸಕ್ಕೆ ಒದಗಿದ್ದು ಕಡಿಮೆ.

ಕಾನೂನಿನ ವಿಷಯದಲ್ಲಿ ಹವ್ಯಾಸಿಗಳು ತಿಳಿದಿರಬೇಕಾದದ್ದು ಮಾಡುವುದಕ್ಕೂ ಮಾರುವುದಕ್ಕೂ ಇರುವ ಅಂತರ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯು ಖಾಸಗಿ ಬಳಕೆಗಾಗಿ ಮಾಡುವ ನ್ಯಾಯೋಚಿತ ಉಪಯೋಗಕ್ಕೆ ವಿನಾಯಿತಿ ನೀಡುತ್ತದೆ. ಅದೇ ವಸ್ತುವನ್ನು ಮಾರಾಟಕ್ಕಿಟ್ಟರೆ ಕೃತಿಸ್ವಾಮ್ಯದ ಜೊತೆಗೆ ವಾಣಿಜ್ಯಮುದ್ರೆಯ ತಕರಾರೂ ಏಳಬಹುದು. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ‘ಸ್ಟಾರ್ ವಾರ್ಸ್’ ಸೈನಿಕರ ಶಿರಸ್ತ್ರಾಣಗಳನ್ನು ಮೊದಲು ತಯಾರಿಸಿದ್ದ ಆಂಡ್ರೂ ಐನ್ಸ್‌ವರ್ತ್ ಅವರೇ ಮತ್ತೆ ತಯಾರಿಸಿ ಮಾರಿದಾಗ ಹುಟ್ಟಿದ ವ್ಯಾಜ್ಯದಲ್ಲಿ, ಆ ಶಿರಸ್ತ್ರಾಣವು ಶಿಲ್ಪಕೃತಿಯಲ್ಲ, ಚಿತ್ರನಿರ್ಮಾಣದಲ್ಲಿ ಉಪಯೋಗಕ್ಕೆ ಬಂದ ಸಾಧನ ಎಂದು ತೀರ್ಮಾನಿಸಿತು. ಆ ತೀರ್ಪು ಇಲ್ಲಿನ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಲಿಥಿಯಂ ಕೋಶಗಳಲ್ಲಿ. ಹೆಬ್ಬೆರಳ ಗಾತ್ರದ 18650 ಕೋಶದ ಮೇಲೆ 9,900 ಮಿಲಿಆಂಪ್-ಅವರ್ ಎಂದು ಮುದ್ರಿತವಾಗಿದ್ದರೆ ಅದು ಸುಳ್ಳೆಂದು ತಿಳಿಯಬೇಕು, ಏಕೆಂದರೆ ಪ್ರತಿಷ್ಠಿತ ತಯಾರಕರ ಒಳ್ಳೆಯ ಕೋಶಗಳ ಸಾಮರ್ಥ್ಯ 3,500ರ ಆಸುಪಾಸಿನಲ್ಲಿರುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಕೋಶಗಳು ಅಗ್ಗವಾದರೂ ಅವುಗಳ ಆಯಸ್ಸನ್ನು ಊಹಿಸಲಾಗದು. ಕೋಶಕ್ಕೆ ನೇರವಾಗಿ ಬೆಸುಗೆ ಹಾಕದೆ ಹೋಲ್ಡರ್ ಬಳಸುವುದು, ಅತಿಯಾದ ವಿದ್ಯುತ್ ಹರಿಯದಂತೆ ತಡೆಯುವ ರಕ್ಷಣಾ ಮಂಡಲವನ್ನು ಅಳವಡಿಸುವುದು, ಮೆಟ್ರೋದಲ್ಲಿ ಒಯ್ಯುವಾಗ ಕೋಶವನ್ನು ಬೇರ್ಪಡಿಸಿಡುವುದು ಕಡ್ಡಾಯವೆಂದು ಭಾವಿಸಬೇಕು.

ಕೇಂದ್ರ ಸರ್ಕಾರವು 2016ರಿಂದ ಶಾಲೆಗಳಲ್ಲಿ ಸ್ಥಾಪಿಸುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ಅನುದಾನವಿದ್ದು, ತ್ರೀಡಿ ಮುದ್ರಣ ಯಂತ್ರ, ಬೆಸುಗೆ ಉಪಕರಣ, ಮೈಕ್ರೋಕಂಟ್ರೋಲರ್ ಮೊದಲಾಗಿ ಈ ಹವ್ಯಾಸಕ್ಕೆ ಬೇಕಾದ ಬಹುಪಾಲು ಸಲಕರಣೆಗಳು ಅವುಗಳಲ್ಲಿರುತ್ತವೆ. ಇಂತಹ ಪ್ರಯೋಗಾಲಯವಿರುವ ದಕ್ಷಿಣ ಬೆಂಗಳೂರಿನ ಶಾಲೆಗಳು ಭಾನುವಾರಗಳಂದು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಬಡಾವಣೆಯ ಆಸಕ್ತರಿಗೆ ಬಾಗಿಲು ತೆರೆಯಬೇಕು, ಮತ್ತು ಪಾಲಕರ ಸಂಘಗಳು ಇದನ್ನು ಶಾಲೆಯ ಮುಂದಿನ ಸಭೆಯಲ್ಲೇ ಕೇಳಬೇಕು.